ಪಂದ್ಯದ ಬಾಗಿಲಿಗೆ ಒಂದೇ ಬೀಗದಕೈ

ಅಂತರ್ಜಾಲದ ಮೂಲಕ ನಡೆಯತಕ್ಕ ಆಟದ ಪಂದ್ಯಗಳಿಗೆಲ್ಲ ಒಂದೇ ಪ್ರವೇಶಮುದ್ರೆ ಇದ್ದರೆ ಸಾಲದೆ, ತಾಣತಾಣಕ್ಕೂ ಬೇರೆ ಬೇರೆ ಲಾಗಿನ್ ಏತಕ್ಕೆ ಎಂಬ ಪ್ರಶ್ನೆ ಇಂದಿನ ತರುಣರ ಮನಸ್ಸಿನಲ್ಲಿ ಹುಟ್ಟುವುದು ಸಹಜವಾಗಿದೆ. ಚದುರಂಗದ ಪಂದ್ಯಕ್ಕೆ ಒಂದು ತಾಣ, ಕಾಲ್ಚೆಂಡಿನ ಪಂದ್ಯಕ್ಕೆ ಇನ್ನೊಂದು, ತಂಡ ಕಟ್ಟಿ ಆಡುವ ಯುದ್ಧದ ಆಟಕ್ಕೆ ಮತ್ತೊಂದು. ಪ್ರತಿಯೊಂದರಲ್ಲಿಯೂ ಹೆಸರು, ಹುಟ್ಟಿದ ದಿನ, ಫೋನಿನ ಸಂಖ್ಯೆ, ಗುಪ್ತಪದ ಇವುಗಳನ್ನು ಹೊಸದಾಗಿ ಬರೆದುಕೊಡಬೇಕು. ಹತ್ತು ಪಂದ್ಯಗಳಿಗೆ ಸೇರಿದವನು ಹತ್ತು ದಫ್ತರಗಳಲ್ಲಿ ತನ್ನ ಮನೆಯ ಸಮಾಚಾರವನ್ನು ಬಿಟ್ಟು ಬಂದಂತಾಗುವುದು. ಈ ತೊಡಕನ್ನು ನಿವಾರಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲುಗಳಿಗೆಲ್ಲ ಒಂದೇ ಬೀಗದಕೈ ಎಂದ ಕೂಡಲೇ, ಆ ಬೀಗದಕೈ ಯಾರ ವಶದಲ್ಲಿರಬೇಕೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಏಳುವುದು. ಮೊದಲನೆಯ ಪ್ರಶ್ನೆಯನ್ನು ವಿಚಾರಿಸುವವರು ಬಹುಮಂದಿ. ಎರಡನೆಯದನ್ನು ವಿಚಾರಿಸುವವರು ವಿರಳ.

ಹುಡುಗರ ಆಟದ ವಿಷಯಕ್ಕೆ ಪತ್ರಿಕೆಯಲ್ಲಿ ಇಷ್ಟು ಸ್ಥಳವೇಕೆಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮಹಾಜನರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ. ೨೦೨೨ರ ಡಿಸೆಂಬರಿನಲ್ಲಿ ಭಾರತ ಸರ್ಕಾರದವರು ಈ ಬಗೆಯ ಪಂದ್ಯಗಳನ್ನು ಕ್ರೀಡೆಗಳ ಪಂಕ್ತಿಯಲ್ಲಿ ಸೇರಿಸಿದರು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇವುಗಳಿಗೆ ಮೊದಲ ಬಾರಿ ಪದಕಗಳು ದೊರೆತವು. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ವಿಸ್ಟ್ರಾನ್ ಸಂಸ್ಥೆಯವರು ಕಟ್ಟಿ, ೨೦೨೩ರಲ್ಲಿ ಟಾಟಾ ಸಂಸ್ಥೆಯವರ ಕೈಗೆ ಬಂದ ಕಾರ್ಖಾನೆಯಿಂದ ಐಫೋನುಗಳು ಲೋಕಕ್ಕೆ ಹೋಗುತ್ತಿರುವುವು. ಫೋನನ್ನು ತಯಾರಿಸುವ ಜಿಲ್ಲೆಯ ಜನ ಅದರೊಳಗಿನ ವ್ಯವಹಾರವನ್ನು ತಮಗೆ ಸಂಬಂಧಿಸದ ವಿಷಯವೆಂದು ತಳ್ಳಿಹಾಕುವುದು ಉಚಿತವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತರುಣನು ಆಟದ ಅಂಗಳದಲ್ಲಿ ಕಲಿತ ಅಭ್ಯಾಸವನ್ನೇ ನಾಳೆ ಬ್ಯಾಂಕಿಗೂ ಕಚೇರಿಗೂ ಕೊಂಡೊಯ್ಯುವನು. ಪಂದ್ಯದಲ್ಲಿ ಗುಪ್ತಪದವನ್ನು ಸ್ನೇಹಿತನಿಗೆ ಒಪ್ಪಿಸಿದವನು ಅಂಗಡಿಯ ಲೆಕ್ಕದಲ್ಲಿಯೂ ಹಾಗೆಯೇ ಮಾಡುವನು.

ಒಂದೇ ಪ್ರವೇಶಮುದ್ರೆ ಎಂಬ ಮಾತಿಗೆ ಮೂರು ಅರ್ಥಗಳುಂಟು. ಮೂರನ್ನೂ ಬೆರಸಿಬಿಡುವುದರಿಂದಲೇ ಅನರ್ಥ ಹುಟ್ಟುವುದು. ಒಬ್ಬನೇ ಆಟಗಾರನು ಎಲ್ಲ ತಾಣಗಳಲ್ಲಿಯೂ ಒಂದೇ ಗುಪ್ತಪದವನ್ನು ಇಟ್ಟುಕೊಳ್ಳುವುದು ಮೊದಲನೆಯದು. ನಾಲ್ಕಾರು ಮಂದಿ ಗೆಳೆಯರು ಒಬ್ಬನ ಹೆಸರಿನ ಖಾತೆಯನ್ನು ಸರದಿಯ ಮೇಲೆ ಬಳಸುವುದು ಎರಡನೆಯದು. ಆಟಗಾರನ ಗುರುತನ್ನು ಒಂದು ಸಂಸ್ಥೆ ಪರೀಕ್ಷಿಸಿ, ಇತರ ತಾಣಗಳಿಗೆಲ್ಲ ಅವನ ಪರವಾಗಿ ಸಾಕ್ಷ್ಯ ಹೇಳುವುದು ಮೂರನೆಯದು.

ಇವುಗಳಲ್ಲಿ ಮೊದಲನೆಯದು ಶುದ್ಧ ಅವಿವೇಕ. ಹತ್ತು ತಾಣಗಳಲ್ಲಿ ಕಾವಲು ಅತ್ಯಂತ ಸಡಿಲವಾಗಿರುವ ತಾಣ ಯಾವುದೋ, ಆ ತಾಣದ ಬಲವೇ ಉಳಿದ ಒಂಬತ್ತರ ಬಲವೂ ಆಗುವುದು. ಕಳ್ಳರು ಒಂದು ಕಡೆ ಕದ್ದ ಹೆಸರು ಮತ್ತು ಗುಪ್ತಪದಗಳ ಪಟ್ಟಿಯನ್ನು ಹಿಡಿದು ಸಾವಿರ ಬಾಗಿಲುಗಳಲ್ಲಿ ಯಂತ್ರದ ಮೂಲಕ ತಿರುಗಿಸಿ ನೋಡುವರು. ಅದರಲ್ಲಿ ಅವರಿಗೆ ಶ್ರಮವೂ ಇಲ್ಲ, ವೆಚ್ಚವೂ ಇಲ್ಲ. ಎರಡನೆಯದು ಅವಿವೇಕದ ಜೊತೆಗೆ ಅನ್ಯಾಯವೂ ಹೌದು. ಖಾತೆ ಒಬ್ಬನದು, ಆಟ ಇನ್ನೊಬ್ಬನದು ಎಂದಾದಲ್ಲಿ ಪಂದ್ಯದ ಅರ್ಥವೇ ಕೆಡುವುದು. ಬಹುಮಾನ ಬಂದರೆ ಜಗಳ, ಅಪರಾಧ ನಡೆದರೆ ಹೆಸರಿನವನ ಮೇಲೆಯೇ ಹೊಣೆ. ಮೂರನೆಯದೊಂದೇ ವಿಚಾರಕ್ಕೆ ಯೋಗ್ಯವಾದುದು.

ಅದರ ಕ್ರಮ ಹೀಗಿದೆ. ಆಟಗಾರನು ತನ್ನ ಗುಪ್ತಪದವನ್ನು ಪಂದ್ಯದ ತಾಣಕ್ಕೆ ಕೊಡುವುದಿಲ್ಲ. ತಾಣವು ಅವನನ್ನು ಗುರುತಿನ ಸಂಸ್ಥೆಯ ಬಾಗಿಲಿಗೆ ಕಳುಹಿಸುವುದು. ಅಲ್ಲಿ ಅವನು ತನ್ನನ್ನು ತೋರಿಸಿಕೊಂಡ ಬಳಿಕ ಸಂಸ್ಥೆಯು ಅಲ್ಪಾವಧಿಗೆ ಸಲ್ಲುವ ಒಂದು ಮೊಹರಿನ ಚೀಟಿಯನ್ನು ಕೊಡುವುದು. ಆ ಚೀಟಿಯನ್ನು ನೋಡಿ ತಾಣವು ಒಳಗೆ ಬಿಡುವುದು. ಪಟೇಲರ ರುಜುವಿನ ಚೀಟಿಯನ್ನು ಹಿಡಿದು ಕಚೇರಿಗೆ ಹೋದಂತೆ ಇದೂ. ಮನೆಯ ಬೀಗದಕೈಯನ್ನು ಕಚೇರಿಯವರಿಗೆ ಕೊಡುವ ಅಗತ್ಯವಿಲ್ಲ. ಈ ಚೀಟಿಗಳ ವ್ಯವಹಾರಕ್ಕೆ ಜಗತ್ತಿನಲ್ಲಿ ಒಪ್ಪಿತವಾದ ಬಹಿರಂಗ ಕಟ್ಟಳೆಗಳುಂಟು. ಓಪನ್ ಐಡಿ ಕನೆಕ್ಟ್ ಎಂಬುದು ೨೦೧೪ರಲ್ಲಿ ಪ್ರಕಟವಾಯಿತು. ವಿಧಾನವು ಉತ್ತಮವಾದುದೇ. ಆದರೆ ಚೀಟಿ ಬರೆಯುವ ಪಟೇಲನು ಒಬ್ಬನೇ ಆಗಿ, ಅವನು ಯಾರಿಗೂ ಉತ್ತರ ಹೇಳತಕ್ಕವನಲ್ಲವೆಂದಾದರೆ ಏನಾಗುವುದೆಂಬುದನ್ನು ಕಳೆದ ಇಪ್ಪತ್ತೈದು ವರ್ಷಗಳ ಅನುಭವವೇ ತೋರಿಸಿಕೊಟ್ಟಿದೆ.

೧೯೯೯ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಪಾಸ್‌ಪೋರ್ಟ್ ಎಂಬ ಹೆಸರಿನಿಂದ ಜಾಲದ ತಾಣಗಳಿಗೆಲ್ಲ ಒಂದೇ ಪ್ರವೇಶಮುದ್ರೆಯನ್ನು ನೀಡಲು ಹೊರಟರು. ೨೦೦೨ರಲ್ಲಿ ಅಮೆರಿಕದ ವ್ಯಾಪಾರ ಆಯೋಗವು, ಆ ಸಂಸ್ಥೆ ಭದ್ರತೆಯ ವಿಷಯದಲ್ಲಿ ಜನರಿಗೆ ಕೊಟ್ಟ ಭರವಸೆಗಳು ನಿಜಸ್ಥಿತಿಗೆ ಹೊಂದುವುದಿಲ್ಲವೆಂದು ಆರೋಪಿಸಿ ಅದನ್ನು ಕಟ್ಟುಪಾಡಿಗೆ ಒಳಪಡಿಸಿತು. ಎಲ್ಲರ ಬಾಗಿಲೂ ಒಬ್ಬ ವ್ಯಾಪಾರಿಯ ಅಂಗಡಿಯ ಮೂಲಕವೇ ತೆರೆಯಬೇಕೆಂಬ ಏರ್ಪಾಡನ್ನು ಇತರ ವ್ಯಾಪಾರಿಗಳು ಒಪ್ಪಲಿಲ್ಲ. ಈಬೇ ಮೊದಲಾದ ತಾಣಗಳು ಅದನ್ನು ಕೈಬಿಟ್ಟವು. ೨೦೧೧ರ ಏಪ್ರಿಲಿನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಾಲಕ್ಕೆ ಕನ್ನ ಬಿದ್ದಿತು. ಅದು ಆಟಗಾರರ ಜಾಲವೇ. ಸುಮಾರು ೭ ಕೋಟಿ ೭೦ ಲಕ್ಷ ಖಾತೆಗಳ ವಿವರಗಳು ಅಪಾಯಕ್ಕೆ ಗುರಿಯಾದವು. ಮೂರು ವಾರಗಳಿಗೂ ಮೇಲೆ ಜಾಲವು ಮುಚ್ಚಿತ್ತು. ೨೦೧೮ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನಿಂದ ಸುಮಾರು ೩ ಕೋಟಿ ಜನರ ಪ್ರವೇಶದ ಚೀಟಿಗಳೇ ಕಳುವಾದವು. ಆ ಮುದ್ರೆಯಿಂದ ತೆರೆಯುತ್ತಿದ್ದ ಬೇರೆ ತಾಣಗಳಿಗೆ ಹಾನಿ ತಗಲಿದ ಸಾಕ್ಷ್ಯ ಸಿಕ್ಕಲಿಲ್ಲವೆಂದು ಸಂಸ್ಥೆಯವರು ಹೇಳಿದರೂ, ಆ ಸಾಧ್ಯತೆಯಿತ್ತೆಂಬುದೇ ವಿವೇಕಿಗಳಿಗೆ ಸಾಕಾದ ಪಾಠ. ೨೦೨೧ರ ಅಕ್ಟೋಬರ್ ೪ರಂದು ಅದೇ ಸಂಸ್ಥೆಯ ಯಂತ್ರಗಳು ಸುಮಾರು ಆರು ತಾಸು ನಿಂತುಹೋದಾಗ, ಅದರ ಮುದ್ರೆಯನ್ನು ನೆಚ್ಚಿದ್ದ ಜನರು ಸಂಬಂಧವೇ ಇಲ್ಲದ ಅನ್ಯ ತಾಣಗಳ ಹೊರಗೂ ನಿಲ್ಲಬೇಕಾಯಿತು.

ಈ ಅಪಾಯದ ಸ್ವರೂಪವನ್ನು ಕೋಲಾರದ ರೈತನಿಗೆ ವಿವರಿಸುವ ಅಗತ್ಯವಿಲ್ಲ. ನಮ್ಮ ಸೀಮೆಯ ಕೆರೆಗಳು ಸರಪಣಿಯಂತೆ ಒಂದಕ್ಕೊಂದು ಸೇರಿವೆ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದು ತುಂಬುವುದು, ಮೇಲಿನದರ ಕಟ್ಟೆ ಒಡೆದರೆ ಕೆಳಗಿನದಕ್ಕೂ ಆಪತ್ತು. ಜೋಡಣೆಯಿಂದ ಬರುವ ಲಾಭವೂ ಹಾನಿಯೂ ಒಂದೇ ಕಾಲುವೆಯಲ್ಲಿ ಹರಿಯತಕ್ಕವು. ಹಾಗೆಂದು ನಮ್ಮ ಪೂರ್ವಿಕರು ಕೆರೆಗಳನ್ನು ಜೋಡಿಸದೆ ಬಿಡಲಿಲ್ಲ. ತೂಬಿಗೆ ನೀರಗಂಟಿಯನ್ನು ನೇಮಿಸಿದರು. ಅವನು ಗ್ರಾಮಕ್ಕೆ ಉತ್ತರ ಹೇಳಬೇಕೆಂದು ಕಟ್ಟು ಮಾಡಿದರು. ಕೋಡಿಯನ್ನು ಬೇರೆ ಕಟ್ಟಿದರು. ಜೋಡಣೆ, ಕಾವಲುಗಾರ, ಅವನ ಹೊಣೆ, ಆಪತ್ತಿಗೆ ಬೇರೊಂದು ದಾರಿ, ಈ ನಾಲ್ಕೂ ಕೂಡಿದಲ್ಲಿ ಮಾತ್ರ ಕೆರೆ ಬಾಳಿತು.

ಇನ್ನು ಈ ಬಾಗಿಲು ಯಾವ ಮನೆಗೆ ತೆರೆಯುವುದೆಂಬುದನ್ನು ನೋಡೋಣ. ಆಟದ ತಾಣ, ಜೂಜಿನ ತಾಣ ಎರಡಕ್ಕೂ ಒಂದೇ ಹಜಾರವಾದರೆ ತರುಣನು ಒಂದರಿಂದ ಇನ್ನೊಂದಕ್ಕೆ ಹೊಸ್ತಿಲನ್ನೇ ಕಾಣದೆ ದಾಟಿಬಿಡುವನು. ಗಡಿಯ ಜಿಲ್ಲೆಯಾದ ನಮಗೆ ಈ ವಿಷಯದಲ್ಲಿ ವಿಶೇಷ ಕಷ್ಟವಿತ್ತು. ಮುಳಬಾಗಿಲಿಗೆ ಪೂರ್ವದಲ್ಲಿ ಆಂಧ್ರ, ಮಾಲೂರಿಗೆ ದಕ್ಷಿಣದಲ್ಲಿ ತಮಿಳುನಾಡು. ಹಣ ಕಟ್ಟಿ ಆಡುವ ಜಾಲದಾಟಗಳನ್ನು ಆಂಧ್ರದವರು ೨೦೨೦ರಲ್ಲಿ ನಿಷೇಧಿಸಿದರು. ನಮ್ಮ ಸರ್ಕಾರದವರು ೨೦೨೧ರಲ್ಲಿ ಪೊಲೀಸ್ ಅಧಿನಿಯಮವನ್ನು ತಿದ್ದಿದರು. ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿ ೧೪ರಂದು ಸಂವಿಧಾನಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ತಮಿಳುನಾಡಿನವರ ಕಾನೂನು ೨೦೨೩ರಲ್ಲಿ ಬಂದಿತು. ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಕೃತ್ಯವು ಒಂದು ಕಡೆ ಅಪರಾಧ, ಇನ್ನೊಂದು ಕಡೆ ವ್ಯಾಪಾರ ಎಂದಾಗಿತ್ತು.

೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಕೇಂದ್ರದ ಅಧಿನಿಯಮವು ಇಡೀ ದೇಶಕ್ಕೆ ಒಂದೇ ಗೆರೆಯನ್ನೆಳೆದಿದೆ. ಪಣದ ಹಣವಿಟ್ಟು ಆಡಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಗಳವರೆಗೆ ದಂಡ. ಅದರ ಜಾಹೀರಾತು ಮಾಡುವವರಿಗೂ ಶಿಕ್ಷೆ. ಕ್ರೀಡೆಯೆಂದು ಮನ್ನಣೆ ಪಡೆಯತಕ್ಕ ಪಂದ್ಯದಲ್ಲಿ ಪ್ರವೇಶಶುಲ್ಕವೂ ಗೆದ್ದವನಿಗೆ ಬಹುಮಾನವೂ ಇರಬಹುದು. ಪಣವಾಗಲಿ ಬಾಜಿಯಾಗಲಿ ಕೂಡದು. ಆ ಅಧಿನಿಯಮವನ್ನು ಮೊದಲು ಪ್ರಶ್ನಿಸಿದ ಅರ್ಜಿ ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿಯೇ ಬಂದು, ಬಳಿಕ ೨೦೨೫ರ ಸೆಪ್ಟೆಂಬರಿನಲ್ಲಿ ಅಂಥ ಅರ್ಜಿಗಳನ್ನೆಲ್ಲ ಸರ್ವೋಚ್ಚ ನ್ಯಾಯಾಲಯವು ತನ್ನ ಮುಂದೆ ತರಿಸಿಕೊಂಡಿತು. ನ್ಯಾಯಾಲಯಗಳ ಕೆಲಸ ನ್ಯಾಯಾಲಯಗಳಿಗಿರಲಿ. ನಮಗೆ ಪ್ರಕೃತ ಬೇಕಾದುದು ಇದು: ಅಧಿನಿಯಮವು ಇಂಥ ಪಂದ್ಯಗಳ ಮನ್ನಣೆಗೂ ನೋಂದಣಿಗೂ ಒಂದು ಪ್ರಾಧಿಕಾರವನ್ನು ಕಲ್ಪಿಸಿದೆ. ಪಂದ್ಯಗಳನ್ನು ದಫ್ತರಿಗೆ ಸೇರಿಸತಕ್ಕ ಕಾಲವೇ ಪ್ರವೇಶಮುದ್ರೆಗೆ ಕಟ್ಟಳೆ ಮಾಡತಕ್ಕ ಕಾಲವೂ ಹೌದು. ಪಣದ ತಾಣಕ್ಕೆ ಸಲ್ಲುವ ಮುದ್ರೆ ಪಂದ್ಯದ ತಾಣಕ್ಕೆ ಸಲ್ಲಬಾರದು. ಪಂದ್ಯದ ಮುದ್ರೆ ಪಣದ ಕಡೆಗೆ ದಾರಿ ತೋರಬಾರದು. ಪರದೇಶಗಳಲ್ಲಿ ಕುಳಿತು ಈ ದೇಶದ ಹುಡುಗರನ್ನು ಸೆಳೆಯುವವರಿರುವ ತನಕ ಈ ಕಟ್ಟೆ ಅತ್ಯಾವಶ್ಯಕ.

ಮಕ್ಕಳ ಮಾತು ಇದಕ್ಕಿಂತಲೂ ಸೂಕ್ಷ್ಮವಾದುದು. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಹದಿನೆಂಟು ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ವಿವರಗಳನ್ನು ಪಡೆಯುವ ಮುನ್ನ ತಂದೆತಾಯಿಗಳ ಸಮ್ಮತಿಯನ್ನು ಖಚಿತಪಡಿಸಿಕೊಳ್ಳಬೇಕು. ಅವರ ಚಲನವಲನವನ್ನು ಹಿಂಬಾಲಿಸಿ ಜಾಹೀರಾತನ್ನು ಗುರಿಯಿಡಬಾರದು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವಾಗಿವೆ. ಹತ್ತು ತಾಣಗಳು ಹತ್ತು ಬಾರಿ ತಂದೆಯ ಗುರುತಿನ ಚೀಟಿಯನ್ನು ಕೇಳಿದರೆ ಹತ್ತು ಕಡೆ ಅದರ ಪ್ರತಿ ಬೀಳುವುದು. ಒಂದೇ ಕಡೆ ಪರೀಕ್ಷೆ ನಡೆದು, ಉಳಿದ ತಾಣಗಳಿಗೆ ವಯಸ್ಸು ಸಾಲುವುದು ಅಥವಾ ಸಾಲದು, ಸಮ್ಮತಿ ಉಂಟು ಅಥವಾ ಇಲ್ಲ ಎಂಬಷ್ಟೇ ಉತ್ತರ ಹೋದರೆ ಸಾಕು. ಹೆಸರೂ ಬೇಡ, ಹುಟ್ಟಿದ ದಿನವೂ ಬೇಡ, ಮನೆಯ ವಿಳಾಸವೂ ಬೇಡ. ಏಕಮುದ್ರೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ವಾದವು ಇದೇ ಎಂದು ನಾವು ತಿಳಿಯುತ್ತೇವೆ. ಸೌಕರ್ಯದ ವಾದವು ಇದರ ಮುಂದೆ ಸಣ್ಣದು.

ಹಾಗಾದರೆ ಬೀಗದಕೈ ಯಾರಲ್ಲಿರಬೇಕು? ಪರದೇಶದ ಎರಡು ಮೂರು ದೊಡ್ಡ ಸಂಸ್ಥೆಗಳಲ್ಲಿದ್ದರೆ ನಮ್ಮ ತರುಣರ ಅಭಿರುಚಿ, ಸಮಯ, ಗೆಳೆತನ ಇವುಗಳ ಲೆಕ್ಕವೆಲ್ಲ ಸಮುದ್ರದಾಚೆಯ ದಫ್ತರಗಳಿಗೆ ಸೇರುವುದು. ಅವರು ಒಂದು ದಿನ ಕಾರಣ ಹೇಳದೆ ಖಾತೆಯನ್ನು ಮುಚ್ಚಿದರೆ ಶ್ರೀನಿವಾಸಪುರದ ಹುಡುಗನು ಯಾರ ಬಳಿ ಮೊರೆಯಿಡಬೇಕು? ಸ್ವದೇಶಾಭಿಮಾನಿಗಳು ಹಾಗಿದ್ದರೆ ಸರ್ಕಾರವೇ ಇಟ್ಟುಕೊಳ್ಳಲಿ ಎನ್ನುವರು. ಕೇಂದ್ರ ಸರ್ಕಾರವು ೨೦೨೨ರಲ್ಲಿ ಮೇರಿ ಪೆಹಚಾನ್ ಎಂಬ ಏಕಪ್ರವೇಶದ ವ್ಯವಸ್ಥೆಯನ್ನು ಸರ್ಕಾರಿ ಸೇವೆಗಳಿಗಾಗಿ ಆರಂಭಿಸಿರುವುದು ನಿಜ. ಆದರೆ ಪ್ರಜೆಯು ಸಂಜೆಯ ಹೊತ್ತು ಯಾವ ಆಟವನ್ನಾಡಿದನು, ಯಾರೊಡನೆ ಆಡಿದನು ಎಂಬುದು ಸರ್ಕಾರದ ಕಡತಕ್ಕೆ ಸೇರುವುದೂ ನಮಗೆ ಸಮ್ಮತವಲ್ಲ. ಸ್ವರಾಜ್ಯವೆಂದರೆ ಪರರ ಕಾವಲಿನಿಂದ ಬಿಡುಗಡೆ ಮಾತ್ರವಲ್ಲ. ನಿಷ್ಕಾರಣವಾದ ಎಲ್ಲ ಕಾವಲಿನಿಂದಲೂ ಬಿಡುಗಡೆ. ಸಂಶಯಕ್ಕೆ ಆಸ್ಪದವಿಲ್ಲದ ಪ್ರಜೆಯನ್ನು ಹಿಂಬಾಲಿಸುವ ಅಧಿಕಾರವು ಸ್ವಕೀಯರ ಕೈಯಲ್ಲಿದ್ದರೂ ಕೆಡುಕೇ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಅಳತೆ ಒಂದಾಗಬೇಕು, ಅಂಗಡಿ ಒಂದಾಗಬಾರದು. ನಮ್ಮಲ್ಲಿ ಸೇರು, ಬಳ್ಳ, ಕೊಳಗಗಳು ಊರಿಂದೂರಿಗೆ ವ್ಯತ್ಯಾಸವಾಗುತ್ತಿದ್ದ ಕಾಲದಲ್ಲಿ ೧೯೫೬ರ ಅಧಿನಿಯಮವು ದೇಶಕ್ಕೆಲ್ಲ ಮೆಟ್ರಿಕ್ ಮಾನವನ್ನು ವಿಧಿಸಿತು. ಅಂಗಡಿಗಳನ್ನೆಲ್ಲ ಒಂದು ಮಾಡಲಿಲ್ಲ. ೨೦೧೬ರಲ್ಲಿ ಆರಂಭವಾದ ಯುಪಿಐ ಇನ್ನೂ ಸಮೀಪದ ದೃಷ್ಟಾಂತ. ಬ್ಯಾಂಕುಗಳು ಅನೇಕ, ಫೋನಿನಲ್ಲಿ ಬಳಸುವ ಸಾಧನಗಳೂ ಅನೇಕ, ಹಣ ಹೋಗುವ ರಾಜಮಾರ್ಗ ಒಂದು. ಒಂದು ಬ್ಯಾಂಕಿನಲ್ಲಿ ಬೇಸರವಾದರೆ ಇನ್ನೊಂದಕ್ಕೆ ಹೋಗಲು ಅಡ್ಡಿಯಿಲ್ಲ. ಅದರಂತೆಯೇ ಪ್ರಾಧಿಕಾರದವರು ಚೀಟಿಯ ಮಾದರಿಯನ್ನು ಗೊತ್ತುಮಾಡಲಿ. ಆ ಮಾದರಿಯ ಚೀಟಿ ಕೊಡಬಲ್ಲ ಸಂಸ್ಥೆಗಳು ಹಲವು ಇರಲಿ. ವಿಶ್ವವಿದ್ಯಾಲಯವೋ ಕ್ರೀಡಾಸಂಘವೋ ಬ್ಯಾಂಕೋ ಯಾವುದನ್ನು ನಂಬಬೇಕೆಂಬುದನ್ನು ಆಟಗಾರನೇ ಆರಿಸಿಕೊಳ್ಳಲಿ. ಬೇಡವೆಂದಾಗ ತನ್ನ ಅಂಕಗಳೊಡನೆ ಬೇರೆಡೆಗೆ ಹೋಗುವ ಹಕ್ಕಿರಲಿ.

ಹೆಸರು ಬೇರೆ, ಬೀಗದಕೈ ಬೇರೆ ಎಂಬುದನ್ನೂ ಮರೆಯಬಾರದು. ಚದುರಂಗದ ವಿಶ್ವಸಂಸ್ಥೆಯಾದ ಫಿಡೆಯು ಪ್ರತಿ ಆಟಗಾರನಿಗೂ ಆಯುಷ್ಯಕ್ಕೆಲ್ಲ ಒಂದೇ ಸಂಖ್ಯೆಯನ್ನು ಕೊಡುವುದು. ಅದರಡಿಯಲ್ಲಿ ಅವನ ಹೆಸರು, ದೇಶ, ಹುಟ್ಟಿದ ವರ್ಷ, ಆಟದ ಅಂಕ ಇವು ಯಾರು ಬೇಕಾದರೂ ನೋಡುವಂತಿವೆ. ಆ ಸಂಖ್ಯೆಯನ್ನು ಬಲ್ಲವನು ಅದರಿಂದ ಯಾರ ಬಾಗಿಲನ್ನೂ ತೆರೆಯಲಾರನು. ಗುರುತು ಬಹಿರಂಗ, ಬೀಗದಕೈ ಗುಪ್ತ, ಎರಡಕ್ಕೂ ಬೇರೆ ಬೇರೆ ಕಾವಲು ಎಂಬ ಈ ಸರಳ ನೀತಿ ಇತರ ಆಟಗಳಿಗೂ ಮಾದರಿಯಾಗತಕ್ಕುದು. ಆಧಾರ್ ಸಂಖ್ಯೆಯನ್ನೋ ಫೋನಿನ ಸಂಖ್ಯೆಯನ್ನೋ ಪಂದ್ಯದ ಗುರುತಾಗಿ ಮಾಡಿಬಿಡುವುದು ಇದಕ್ಕೆ ನೇರ ವಿರುದ್ಧವಾದ ಮಾರ್ಗ.

ಯಂತ್ರವು ಕೈಕೊಟ್ಟಾಗ ನ್ಯಾಯ ಹೇಗೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ೨೦೨೦ರ ಆಗಸ್ಟ್ ೩೦ರಂದು ಜಾಲದ ಮೂಲಕ ನಡೆದ ಚದುರಂಗ ಒಲಿಂಪಿಯಾಡಿನ ಅಂತಿಮ ಪಂದ್ಯದಲ್ಲಿ ಜಗತ್ತಿನ ಜಾಲವೇ ಹಲವೆಡೆ ಕೆಟ್ಟು, ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರು ಸಂಪರ್ಕ ಕಡಿದು ಸಮಯದ ಮೇಲೆ ಸೋತರು. ಭಾರತ ತಂಡದವರು ಮೇಲ್ಮನವಿ ಮಾಡಿಕೊಂಡ ಬಳಿಕ ಭಾರತ, ರಷ್ಯ ಎರಡನ್ನೂ ಜಯಶಾಲಿಗಳೆಂದು ಸಾರಲಾಯಿತು. ವಿಶ್ವಪಂದ್ಯದಲ್ಲಿ ಕೇಳಲು ಒಬ್ಬ ಅಧ್ಯಕ್ಷರಿದ್ದರು. ತಾಲ್ಲೂಕಿನ ಪಂದ್ಯದಲ್ಲಿ ಪ್ರವೇಶದ ಯಂತ್ರ ನಿಂತು ಬಡವರ ಹುಡುಗನು ಹೊರಗುಳಿದರೆ ಕೇಳುವವರಾರು?

ಭಾಷೆಯ ವಿಷಯದಲ್ಲಿ ಒಂದು ಮಾತು. ಸಮ್ಮತಿಯೆಂಬುದು ಅರ್ಥವಾದ ಮೇಲೆ ಕೊಟ್ಟರೆ ಮಾತ್ರ ಸಮ್ಮತಿ. ಮುಳಬಾಗಿಲಿನ ಗ್ರಾಮಾಂತರದ ತಾಯಿಯೊಬ್ಬಳು ಮಗನ ಪಂದ್ಯಕ್ಕಾಗಿ ಇಂಗ್ಲಿಷಿನ ಹತ್ತು ಪುಟಗಳ ಕೆಳಗೆ ಬೆರಳೊತ್ತಿದರೆ ಅದನ್ನು ಸಮ್ಮತಿಯೆನ್ನಲು ನಾಚಿಕೆಯಾಗಬೇಕು. ೨೦೨೩ರ ಅಧಿನಿಯಮವೇ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಸೂಚನೆಯನ್ನು ಓದುವ ಅವಕಾಶ ಕೊಡಬೇಕೆಂದು ವಿಧಿಸಿದೆ; ಕನ್ನಡವು ಆ ಅನುಸೂಚಿಯಲ್ಲಿದೆ. ಇದು ಯಾರೂ ದಯೆಯಿಂದ ನೀಡತಕ್ಕುದಲ್ಲ, ನಾವು ಹಕ್ಕಿನಿಂದ ಕೇಳತಕ್ಕುದು. ತೆಲುಗು, ತಮಿಳು, ಉರ್ದು ಮನೆಮಾತಿನವರೂ ನಮ್ಮ ಜಿಲ್ಲೆಯಲ್ಲಿ ಬಹುಮಂದಿ ಇರುವುದರಿಂದ ಅವರಿಗೂ ಇದೇ ನ್ಯಾಯ ಸಲ್ಲಬೇಕು.

ದೆಹಲಿಯ ಕಟ್ಟಳೆ ಬರುವ ತನಕ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನಾಲ್ಕು ತಾಲ್ಲೂಕುಗಳ ಕಾಲೇಜುಗಳೂ ಯುವಜನ ಸಂಘಗಳೂ ಪಂದ್ಯ ಏರ್ಪಡಿಸುವಾಗ ಕೆಲವು ನಿಯಮಗಳನ್ನು ಈಗಲೇ ಪಾಲಿಸಬಹುದು. ಖಾತೆ ಆಡುವವನ ಸ್ವಂತ ಹೆಸರಿನಲ್ಲಿಯೇ ಇರಲಿ. ಆಧಾರ್ ಚೀಟಿಯ ಪ್ರತಿಯನ್ನು ಕೇಳದಿರಲಿ. ವಿದ್ಯಾರ್ಥಿಯಾದರೆ ಕಾಲೇಜಿನ ಗುರುತು ಸಾಕು. ಪಂದ್ಯ ಮುಗಿದ ಬಳಿಕ ವಿವರಗಳನ್ನು ಅಳಿಸಿಹಾಕಲಿ. ಯಂತ್ರ ಕೆಟ್ಟರೆ ಹೆಸರನ್ನು ಕಾಗದದ ಮೇಲೆ ಬರೆದುಕೊಂಡು ಒಳಗೆ ಬಿಡಲು ಒಬ್ಬ ಮನುಷ್ಯ ಮೇಜಿನ ಮುಂದೆ ಕುಳಿತಿರಲಿ. ಪೊಲೀಸ್ ಅಧಿಕಾರಿಗಳು ಶಾಲೆ ಕಾಲೇಜುಗಳಿಗೆ ಹೋಗಿ, ಒಟಿಪಿಯನ್ನು ಯಾರಿಗೂ ಹೇಳಕೂಡದೆಂಬುದನ್ನೂ, ಹಣ ಹೋದರೆ ತಡಮಾಡದೆ ೧೯೩೦ ಸಂಖ್ಯೆಗೆ ಕರೆಮಾಡಬೇಕೆಂಬುದನ್ನೂ ತಿಳಿಸಲಿ. ತಂದೆತಾಯಿಗಳು ಗದರಿಕೆಯನ್ನು ಬಿಟ್ಟು ಮಗನ ಪಕ್ಕದಲ್ಲಿ ಕುಳಿತು ಅವನು ಏನನ್ನು ಒಪ್ಪುತ್ತಿರುವನೆಂಬುದನ್ನು ನೋಡಲಿ. ಗದರಿಕೆಗೆ ಹೆದರಿದ ಹುಡುಗನು ಹಣ ಕಳೆದುಕೊಂಡ ಸಂಗತಿಯನ್ನು ಮುಚ್ಚಿಡುವನು. ಮುಚ್ಚಿಟ್ಟ ಪ್ರತಿ ತಾಸೂ ಕಳ್ಳನಿಗೆ ಲಾಭ.

ಮೂಡಲಬಾಗಿಲೇ ಮುಳಬಾಗಿಲಾಯಿತೆಂದು ಹೇಳುವರು. ಬಾಗಿಲಿರುವುದು ಬರತಕ್ಕವರನ್ನು ಬರಮಾಡಿಕೊಳ್ಳಲು, ಬರಬಾರದವರನ್ನು ತಡೆಯಲು. ಎರಡನ್ನೂ ಮಾಡಲಾರದುದು ಬಾಗಿಲಲ್ಲ. ತರುಣರಿಗೆ ಆಟ ಬೇಕು, ಪಂದ್ಯ ಬೇಕು, ಸುಲಭವಾದ ಪ್ರವೇಶವೂ ಬೇಕು. ಅದನ್ನು ಅವರಿಗೆ ಒದಗಿಸಿಕೊಡುವುದು ನಮ್ಮ ಕರ್ತವ್ಯ. ಆ ಸುಲಭತೆಗೆ ಬೆಲೆಯಾಗಿ ಅವರ ಬಾಳಿನ ಬೀಗದಕೈಯನ್ನು ಯಾರ ಕೈಗೂ ಒಪ್ಪಿಸದೆ ನೋಡಿಕೊಳ್ಳುವುದೂ ಅಷ್ಟೇ ಕರ್ತವ್ಯ. ಪ್ರಾಧಿಕಾರದವರು ನಿಯಮಗಳನ್ನು ಸ್ಥಿರಪಡಿಸುವಾಗ ಇದನ್ನು ಲಕ್ಷ್ಯದಲ್ಲಿಡಬೇಕು. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರೂ ಶಾಸಕರೂ ಇದನ್ನು ಅವರಿಗೆ ಮನಗಾಣಿಸಬೇಕು.